ಕಾಲು ತಿರುವಿ ನೋಡಿದ ಡಾಕ್ಟರು

ಪ್ರಶ್ನೆ: ಕಬಡ್ಡಿ ಆಡುವಾಗ ಮಗನ ಮೊಣಕಾಲು ತಿರುಚಿತು. ಡಾಕ್ಟರು ಕಾಲು ಮಡಚಿ, ಪಾದ ತಿರುವಿ, ಒತ್ತಿ ನೋಡಿ ‘ಮೆನಿಸ್ಕಸ್ ಹರಿದಿರಬೇಕು’ ಅಂದರು. ಎಂಆರ್‌ಐ ಇಲ್ಲದೆ ಬರೀ ಕೈಯಿಂದ ಅದು ಹೇಗೆ ತಿಳಿಯುತ್ತದೆ? ನನಗೆ 58. ಕುಂತು ಏಳುವಾಗ ನನ್ನ ಮೊಣಕಾಲೂ ಲಟಕ್ ಅನ್ನುತ್ತದೆ. ನನ್ನದೂ ಹರಿದಿರಬಹುದೆ?
– ಓದುಗರೊಬ್ಬರು, ಅಂಕಲಿ

ಉತ್ತರ: ಡಾಕ್ಟರು ಕಾಲು ಮುಟ್ಟುವ ಮೊದಲೇ ಮಗನನ್ನು ಎರಡು ಮಾತು ಕೇಳಿರುತ್ತಾರೆ: ಪೆಟ್ಟಾದದ್ದು ಹೇಗೆ, ಬಾವು ಬಂದದ್ದು ಯಾವಾಗ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ರೈಡ್ ಹೋದವನ ಪಾದ ನೆಲಕ್ಕೆ ಊರಿದೆ, ಎದುರಾಳಿಗಳು ಹಿಡಿದಿದ್ದಾರೆ, ಇವನು ಮೈ ತಿರುವಿ ಗೆರೆಯತ್ತ ಹಾರಲು ನೋಡುತ್ತಾನೆ. ಮೊಣಕಾಲ ಮೇಲಿನ, ಕೆಳಗಿನ ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆದು ಪಟ್ಟಿಗಳಿವೆ, ಅವೇ ಮೆನಿಸ್ಕಸ್. ಭಾರ ಬಿದ್ದು, ಮಡಚಿದ ಕಾಲು ತಿರುಚಿದರೆ ಅವು ಎಲುಬಿನ ಸಂದಿಯಲ್ಲಿ ಸಿಕ್ಕಿ ಹರಿಯುತ್ತವೆ. ಬಾವು ಬಂದ ಹೊತ್ತೂ ಒಂದು ಸುಳಿವು. ಪೆಟ್ಟಾದ ಒಂದೆರಡು ತಾಸಿನಲ್ಲೇ ಊದಿದರೆ ಒಳಗೆ ರಕ್ತ ತುಂಬಿರುತ್ತದೆ, ಎಸಿಎಲ್ ಎಂಬ ಲಿಗಮೆಂಟ್ ಹರಿದಿರುವ ಗುಮಾನಿ ಹೆಚ್ಚು. ಮರುದಿನ ಮುಂಜಾನೆ ಊದಿದ್ದರೆ ಗುಮಾನಿ ಮೆನಿಸ್ಕಸ್ ಮೇಲೆ.

ಆಮೇಲೆ ಕೈಯ ಸರದಿ. ಎರಡು ಎಲುಬು ಸೇರುವ ಗೆರೆಯುದ್ದಕ್ಕೂ ಬೆರಳಿಟ್ಟು ಒತ್ತುತ್ತಾರೆ. ಅಲ್ಲೇ ಒಂದು ಕಡೆ ಚುರುಕ್ಕೆಂದರೆ ಅದು ಮೊದಲ ಚಿಹ್ನೆ. ನೀವು ಕಂಡ ‘ತಿರುವುವುದು’ ಬಹುಶಃ ಲಿವರ್‌ಪೂಲ್‌ನ ಶಸ್ತ್ರವೈದ್ಯ ಥಾಮಸ್ ಪೋರ್ಟರ್ ಮೆಕ್‌ಮರೆಯ ಹೆಸರಿನ ಪರೀಕ್ಷೆ: ಕಾಲನ್ನು ಪೂರ್ತಿ ಮಡಚಿ, ಪಾದವನ್ನು ಹೊರಕ್ಕೋ ಒಳಕ್ಕೋ ತಿರುವಿ ಹಿಡಿದು, ನಿಧಾನಕ್ಕೆ ಚಾಚಿಸುವುದು. ಹರಿದ ತುಣುಕು ಸಿಕ್ಕಿಕೊಂಡರೆ ಕೀಲಿನ ಮೇಲಿಟ್ಟ ಬೆರಳಿಗೆ ‘ಕಟ್’ ಎಂದು ಬಡಿಯುತ್ತದೆ, ಹುಡುಗನ ಮುಖ ಕಿವುಚುತ್ತದೆ. 1947ರಲ್ಲಿ ಆ್ಯಪ್ಲಿ ಎಂಬ ವೈದ್ಯ ಹೇಳಿಕೊಟ್ಟದ್ದು ಇನ್ನೊಂದು: ಬೋರಲು ಮಲಗಿಸಿ, ಮೊಣಕಾಲು ಮಡಚಿ, ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ ಬೀಸುವ ಕಲ್ಲಿನಂತೆ ತಿರುಗಿಸುವುದು. 2005ರಲ್ಲಿ ಗ್ರೀಸಿನವರು ಥೆಸಲಿ ಪರೀಕ್ಷೆ ಎಂದು ಒಂಟಿ ಕಾಲಲ್ಲೇ ನಿಲ್ಲಿಸಿ ಮೈ ತಿರುಗಿಸಿ ನೋಡಿದರು.

ನನಗೆ ಮೆಚ್ಚುಗೆಯಾದದ್ದು ಎರ್ವಿನ್ ಪೈರ್ ಎಂಬ ವೈದ್ಯನ ಹೆಸರಿನ ಚಿಹ್ನೆ. ಚಕ್ಕಳಮಕ್ಕಳ ಕೂಡಿಸಿ ಮೊಣಕಾಲನ್ನು ನೆಲದತ್ತ ಒತ್ತುವುದು. ಒಳಮಗ್ಗಲು ನೋವಾದರೆ ಒಳ ಮೆನಿಸ್ಕಸ್‌ನ ಹಿಂಭಾಗದ ಮೇಲೆ ಸಂಶಯ. ಯುರೋಪಿನವರು ರೋಗಿಗೆ ಹೀಗೆ ಕೂರಲು ಹೇಳಿಕೊಡಬೇಕಾಗುತ್ತದೆ. ನಮ್ಮ ಕಡೆ ಊಟದ ಪಂಕ್ತಿಯಲ್ಲೇ ಇದು ಬಯಲಾಗುತ್ತದೆ.

ಇಷ್ಟಾದರೂ ಯಾವ ಒಂದು ಪರೀಕ್ಷೆಯನ್ನೂ ಒಂಟಿಯಾಗಿ ನಂಬುವಂತಿಲ್ಲ. ಹರಿದವರಲ್ಲಿ ನೂರಕ್ಕೆ ಸುಮಾರು 60–70 ಮಂದಿಯನ್ನಷ್ಟೇ ಮೆಕ್‌ಮರೆ ಪತ್ತೆಹಚ್ಚುತ್ತದೆ. ಹೊಸ ಪೆಟ್ಟಿನ ನೋವು, ಬಾವು ಇದ್ದಾಗ ಕಾಲನ್ನು ಪೂರ್ತಿ ಮಡಚಲೂ ಆಗುವುದಿಲ್ಲ. ಅದಕ್ಕೇ ನಿಮ್ಮ ಡಾಕ್ಟರು ‘ಹರಿದಿದೆ’ ಅನ್ನದೆ ‘ಹರಿದಿರಬೇಕು’ ಅಂದದ್ದು. ಅದು ಅನುಭವಸ್ಥರ ಮಾತು.

ಈಗ ನಿಮ್ಮ ಮೊಣಕಾಲು. ನೋವಿಲ್ಲದ ಬರೀ ಸದ್ದಿಗೆ ಹೆದರಬೇಡಿ. ಎಂಆರ್‌ಐ ಮಾಡಿಸಲು ಬೆಳಗಾವಿಗೋ ಮೀರಜಿಗೋ ಓಡುವ ಮೊದಲು ಇದನ್ನು ಕೇಳಿ: ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದವರ ಮೊಣಕಾಲನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ನೂರಕ್ಕೆ 61 ಮಂದಿಗೆ ಹಿಂದಿನ ತಿಂಗಳಲ್ಲಿ ಮೊಣಕಾಲ ನೋವೇ ಇರಲಿಲ್ಲ. ವಯಸ್ಸಾದಂತೆ ಮೆನಿಸ್ಕಸ್ ಸವೆದು ಸೀಳುತ್ತದೆ. 2013ರಲ್ಲಿ ಫಿನ್ಲೆಂಡಿನವರು ಇಂಥ ಸವೆತದ ಸೀಳಿಗೆ ಕೀಲುದರ್ಶಕದಿಂದ (ಆರ್ತ್ರೋಸ್ಕೋಪ್) ಮಾಡುವ ಶಸ್ತ್ರಚಿಕಿತ್ಸೆಯನ್ನೂ ಬರೀ ನೆಪಮಾತ್ರದ ಶಸ್ತ್ರಚಿಕಿತ್ಸೆಯನ್ನೂ 146 ಜನರಲ್ಲಿ ಹೋಲಿಸಿದರು. ವರ್ಷದ ಕೊನೆಗೆ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಮ್ಮ ವಯಸ್ಸಿನಲ್ಲಿ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವೇ ಮೊದಲ ಮದ್ದು.

ಮಗನ ಲೆಕ್ಕ ಬೇರೆ. ಎಳೆಯ ಕಾಲು, ಹೊಸ ಪೆಟ್ಟು. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಹರಿಯುವುದರಿಂದ ಅಲ್ಲಿ ಹರಿದಿದ್ದರೆ ಹೊಲಿದು ಕೂಡಿಸಬಹುದು. ಅವನಿಗೆ ಎಂಆರ್‌ಐ ಬರೆದುಕೊಟ್ಟರೆ ಮಾಡಿಸಿ. ಎಣ್ಣೆ ಹಚ್ಚಿ ಕಾಲು ಜಗ್ಗುವವರ ಹತ್ತಿರ ಕರೆದೊಯ್ಯಬೇಡಿ, ಮನೆಯಲ್ಲಿ ನೀವೂ ತಿರುವಿ ನೋಡಬೇಡಿ. ಕಾಲು ಮಡಚಿದಲ್ಲೇ ಕಚ್ಚಿಕೊಂಡು ನೆಟ್ಟಗೆ ಚಾಚಲು ಬಾರದಂತಾದರೆ ಮಾತ್ರ ವಾರಗಟ್ಟಲೆ ಕಾಯದೆ ಎಲುಬು-ಕೀಲು ತಜ್ಞರಿಗೆ ಕೂಡಲೇ ತೋರಿಸಿ.