ಲೆಕ್ಕ ಎಲ್ಲರ ಎದುರು ಆಗಲಿ

ಏಪ್ರಿಲ್ ನಡುವಿಗೆ ತುಳುವರ ಪಗ್ಗು ತಿಂಗಳು ಹುಟ್ಟುತ್ತದೆ, ಬಿಸು ಹಬ್ಬ ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಹಲಸು, ಚಿನ್ನ, ಕನ್ನಡಿ ಇಟ್ಟು ಕಣಿ ನೋಡುತ್ತಾರೆ. ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಹಿಂದೆ ಒಕ್ಕಲುಗಳು ತಾವು ಬೆಳೆದದ್ದನ್ನು ಬುಳೆಕಾಣಿಕೆಯಾಗಿ ಹೊತ್ತು ಧಣಿಗಳ ಮನೆಯಂಗಳದಲ್ಲಿ ನಿಲ್ಲುತ್ತಿದ್ದದ್ದೂ ಅದೇ ದಿನ. 1974ರ ಭೂಸುಧಾರಣೆಯಿಂದ ಒಕ್ಕಲೇ ಒಡೆಯನಾದ, ಧಣಿಗೆ ಕೈಕಟ್ಟಿ ನಿಲ್ಲುವುದು ತಪ್ಪಿತು. ಆದರೆ ಒಡೆಯನಾದವನು ತನ್ನ ಮನೆಯವರಿಗೆ ಲೆಕ್ಕ ಹೇಳುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಹೊಸದಾಗಿ ಮನೆ ನಡೆಸುವ ಮಕ್ಕಳೇ, ನನ್ನ ಕಿವಿಮಾತು ಇಷ್ಟೇ: ಬಿಸುವಿನ ಊಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಕಳೆದ ವರ್ಷದ ಲೆಕ್ಕ ಓದಿ. ಯಜಮಾನ ಒಬ್ಬನೇ ಕಪಾಟಿನ ಮುಂದೆ ಕುಳಿತು ಓದಿದರೆ ಸಾಲದು.

ನಷ್ಟದಿಂದ ಒಡೆದ ಮನೆ ನಾನು ಕಂಡದ್ದು ಕಡಿಮೆ. ನಷ್ಟ ಯಾರಿಂದಾಯಿತು ಎಂಬ ಮಾತಿನಿಂದ ಒಡೆದ ಮನೆಗಳೇ ಹೆಚ್ಚು.

2025ನ್ನೇ ತೆಗೆದುಕೊಳ್ಳಿ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲಿ ಅದು ಪತ್ತನಾಜೆಯ ಹೊತ್ತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಕೋಲ ನೇಮಗಳು ನಿಲ್ಲುವ ಸಮಯ. ಪತ್ತನಾಜೆಗೆ ಹತ್ತು ಹನಿ ಎನ್ನುವುದು ವಾಡಿಕೆ. ಆ ವರ್ಷ ಮಳೆ ಹತ್ತು ಹನಿಗೆ ನಿಲ್ಲಲಿಲ್ಲ. ಅಡಿಕೆಗೆ ಮೊದಲ ಮದ್ದು ಬಿಡಬೇಕಾದದ್ದು ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನ ಬಿಟ್ಟು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಲೆಕ್ಕ ಎಲ್ಲರಿಗೂ ಗೊತ್ತು, ಬಿಡುವುದಕ್ಕೆ ಹೊಳವೇ ಸಿಗಲಿಲ್ಲ. ಎಷ್ಟೋ ತೋಟಗಳಲ್ಲಿ ಕೊಳೆರೋಗಕ್ಕೆ ಎಳೆ ಅಡಿಕೆ ಮರದಡಿ ಹಾಸಿಕೊಂಡಿತು. ಆಮೇಲೆ ಜಗಲಿಯಲ್ಲಿ ಶುರುವಾಗುತ್ತದೆ: ತಮ್ಮ ಮದ್ದಿನವರಿಗೆ ಮೊದಲೇ ಹೇಳಲಿಲ್ಲ ಎಂದು ಅಣ್ಣ, ಅಣ್ಣ ಹೊತ್ತಿಗೆ ದುಡ್ಡು ಕೊಡಲಿಲ್ಲ ಎಂದು ತಮ್ಮ.

ಇಂಥಲ್ಲಿ ಪುಸ್ತಕದ ಪುಟಕ್ಕೆ ನಡುವೆ ಒಂದು ಗೆರೆ ಎಳೆಯಿರಿ. ಆಕಾಶದಿಂದ ಬಂದದ್ದು ಒಂದು ಕಡೆ, ನಮ್ಮಿಂದ ಆದದ್ದು ಇನ್ನೊಂದು ಕಡೆ. ಮೇಯಲ್ಲೇ ಸುರಿದ ಮಳೆ ಆಕಾಶದ್ದು. ಅದಕ್ಕೆ ಯಾರನ್ನೂ ದೂರಬೇಡಿ. ನಡುವೆ ನಾಲ್ಕು ದಿನ ಹೊಳವಾದಾಗ ತುತ್ತು ಸುಣ್ಣ ಮನೆಯಲ್ಲಿ ಇರಲಿಲ್ಲವಾದರೆ ಅದು ನಮ್ಮದು. ಆ ಬದಿಯಲ್ಲಿ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ: 'ಮೇ ಮೊದಲ ವಾರವೇ ಮದ್ದಿನ ಸಾಮಾನು ತಂದಿಡುವುದು.' ಹೆಸರು ಬರೆದರೆ ಹಗೆ ಉಳಿಯುತ್ತದೆ, ಕೆಲಸ ಬರೆದರೆ ತೋಟ ಉಳಿಯುತ್ತದೆ.

ಒಳ್ಳೆಯ ವರ್ಷಕ್ಕೂ ಇದೇ ಗೆರೆ. ಚಾಲಿ ಅಡಿಕೆಗೆ ರೇಟು ಏರಿದ್ದು ನಮ್ಮ ಜಾಣತನದಿಂದಲ್ಲ, ಏರಿದ್ದು ಇಳಿಯಲೂಬಹುದು. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದೇ ಧಾರಣೆ ಕುಸಿದು ಬೆಳೆಗಾರರು ದಿಕ್ಕೆಟ್ಟಿದ್ದಾಗ. ಬಂದ ಧಾರಣೆ ನಾಳೆಯೂ ಇರುತ್ತದೆ ಎಂದು ನಂಬಿ ಹಳೆ ಮನೆಯ ಮೇಲೆ ಮಾಳಿಗೆ ಎಬ್ಬಿಸಲು ಸಾಲ ಮಾಡಬೇಡಿ.

ಇನ್ನು, ಲೆಕ್ಕದಲ್ಲಿ ಯಾರ ದುಡಿಮೆ ಕಾಣುವುದಿಲ್ಲವೋ ಅದನ್ನು ಮೊದಲು ಬರೆಯಿರಿ. ಅಡಿಕೆ ಕೊಯ್ಲು ಚಳಿಗಾಲದಲ್ಲಿ. ಮೂಡುಬಿದಿರೆಯಲ್ಲಿ ಓದುವ ಮಗಳ ಪಿಯುಸಿ ಫೀಸು, ಹಾಸ್ಟೆಲ್ ಖರ್ಚು ಬರುವುದು ಮಳೆಗಾಲದ ಬಾಗಿಲಲ್ಲಿ. ಹಿಂದೆಯೇ ಆಟಿ, ಕೈ ಬರಿದಾಗುವ ತಿಂಗಳು. ಆ ದಿನಗಳಲ್ಲಿ ಮನೆ ದಾಟಿಸುವುದು ಹೆಚ್ಚಿನ ಕಡೆ ಅತ್ತೆ ಸೊಸೆ ಕಟ್ಟಿದ ಬೀಡಿ, ಡೈರಿಗೆ ಹಾಕಿದ ಹಾಲು. ತೋಟದ ಸಾವಿರಗಳನ್ನು ಎಣಿಸುವವರು ಈ ನೂರುಗಳನ್ನು 'ಚಿಲ್ಲರೆ' ಎಂದು ಬಿಟ್ಟುಬಿಡುತ್ತಾರೆ. ಸೊಸೆಯ ಎದುರೇ ಓದಿ, ಎಷ್ಟಾಯಿತೆಂದು ಎಲ್ಲರಿಗೂ ತಿಳಿಯಲಿ.

ನೆರವಿಗೆ ಬಂದವರನ್ನೂ ಬರೆದಿಡಿ. ಮದುವೆಯ ಮುಯ್ಯಿ ಪುಸ್ತಕ ಜೋಪಾನ ಮಾಡುವ ನಾವು ಕಷ್ಟದಲ್ಲಿ ಬಂದವರ ಹೆಸರು ಬರೆಯುವುದಿಲ್ಲ. 2019ರ ಆಗಸ್ಟ್ 9ರಂದು ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಕಡೆ ಘಟ್ಟದ ನೀರು ಮರದ ದಿಮ್ಮಿ, ಮರಳು ತಂದು ತೋಟಗಳಿಗೆ ತುಂಬಿದಾಗ, ಹಾರೆ ಬುಟ್ಟಿ ಹಿಡಿದು ಬಂದವರಲ್ಲಿ ಗುರುತಿಲ್ಲದ ಯುವಕರೇ ಎಷ್ಟೋ ಮಂದಿ. ಬಂಟ್ವಾಳ ಪೇಟೆಯ ಹಿರಿಯರನ್ನು 1974ರ ನೆರೆಯ ಬಗ್ಗೆ ಕೇಳಿ ನೋಡಿ. ಕೊಚ್ಚಿಹೋದ ಸಾಮಾನಿಗಿಂತ ಮೊದಲು ಅವರು ಹೇಳುವುದು ಅಂದು ಯಾರ ಮನೆಯಲ್ಲಿ ಉಳಿದೆವು, ಯಾರು ಗಂಜಿ ಕೊಟ್ಟರು ಎಂಬುದನ್ನು.

ಒಂದನ್ನು ಮಾತ್ರ ಲೆಕ್ಕಕ್ಕೆ ತರಬೇಡಿ. ಆ ವರ್ಷ ಮನೆಯ ಹಿರಿಯರು ತೀರಿಕೊಂಡಿದ್ದರೆ, ಆಸ್ಪತ್ರೆಯ ಬಿಲ್ಲನ್ನು ಅವರ ಹೆಸರಿನಡಿ ನಷ್ಟವೆಂದು ಬರೆಯಬೇಡಿ. ಅವರಿಗೆ ಎಲೆ ಹಾಕಿ ಬಡಿಸುವ ಮನೆಯಲ್ಲಿ ಆ ಮಾತು ಆಡಬಾರದು.

ಏಳುವ ಮೊದಲು ಎರಡು ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೊಸೈಟಿಯ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಇಲ್ಲ ಎನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಆ ಗಡುವು ಒಂದು. ಮಳೆಗಾಲದ ಆರಂಭದಲ್ಲಿ ಬರುವ ಹವಾಮಾನ ಆಧಾರಿತ ಬೆಳೆ ವಿಮೆಯ ಕೊನೆಯ ದಿನ ಇನ್ನೊಂದು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ನಾವು ಕಟ್ಟುವುದು 6,400. ಆಕಾಶದ ಬದಿಯ ನಷ್ಟಕ್ಕೆ ನಮ್ಮ ಕೈಲಿ ಮಾಡಲಾಗುವುದು ಇಷ್ಟೇ. ಅದನ್ನೂ ಮರೆತರೆ ಗೆರೆಯ ಈಚೆ ಬದಿಗೆ ಬರುತ್ತದೆ.

ಬೆಳೆ ಹೋದ ಮನೆ ಮುಂದಿನ ಕೊಯ್ಲಿಗೋ ಅದರ ಮುಂದಿನದಕ್ಕೋ ಸುಧಾರಿಸುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆ ಸುಧಾರಿಸಲು ಅವರ ಮಕ್ಕಳ ಕಾಲ ಬರಬೇಕಾಗುತ್ತದೆ. ಅದಕ್ಕೇ ಹೇಳುವುದು ಮಾರಾಯ್ರೆ, ಏರಿದ ವರ್ಷವಾಗಲಿ ಇಳಿದ ವರ್ಷವಾಗಲಿ, ಲೆಕ್ಕ ಮುಚ್ಚಿಡಬೇಡಿ.