ಹುಲಿಯ ಊಟದ ಖರ್ಚು ಯಾರ ಲೆಕ್ಕದಲ್ಲಿ?

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಜಿಡಿಪಿ ಮತ್ತು ಕಲ್ಯಾಣ ಎಂಬ ಭಾಗ ಬರುತ್ತದೆ. ಅಲ್ಲಿ ‘ಬಾಹ್ಯತೆ’ ಎಂಬ ಶಬ್ದ ನಮ್ಮಲ್ಲಿ ಅನೇಕರಿಗೆ ತಲೆನೋವು. ಇಬ್ಬರು ಮಾಡುವ ವ್ಯವಹಾರದಿಂದ ಮೂರನೆಯವನಿಗೆ ಲಾಭವೋ ಹಾನಿಯೋ ಆಗುತ್ತದೆ, ಆದರೆ ಅದಕ್ಕಾಗಿ ಯಾರೂ ಹಣ ಕೊಡುವುದಿಲ್ಲ, ಯಾರೂ ಪಡೆಯುವುದಿಲ್ಲ. ಅದೇ ಬಾಹ್ಯತೆ. ಪುಸ್ತಕದಲ್ಲಿ ಇದಕ್ಕೆ ನದಿ ಕೆಡಿಸುವ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಉದಾಹರಣೆ ಇದೆ. ಯಮಕನಮರಡಿಯಲ್ಲಿ ಕುಳಿತು ಅಂಥ ಕಾರ್ಖಾನೆಯನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟ. (ಸಕ್ಕರೆ ಕಾರ್ಖಾನೆ ಎಂದಿದ್ದರೆ ಬೇಗ ತಿಳಿಯುತ್ತಿತ್ತೇನೋ.) ನನಗೆ ಈ ಶಬ್ದ ಅರ್ಥವಾದದ್ದು ಸಫಾರಿಯಿಂದ.

ಸಫಾರಿ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಅರ್ಥ ಪ್ರಯಾಣ. ಸ್ವಾಹಿಲಿಗೆ ಅದು ಬಂದದ್ದು ಅರಬ್ಬಿಯ ‘ಸಫರ್’ನಿಂದ. ನಮ್ಮ ಮನೆಯ ಉರ್ದುವಿನಲ್ಲೂ ಅದೇ ಶಬ್ದ. ಸಂಕೇಶ್ವರಕ್ಕೆ ಬಸ್ಸು ಹತ್ತಿದರೂ ನಮ್ಮ ದಾದಿಗೆ ಅದು ‘ಸಫರ್’. ಆಫ್ರಿಕಾದ ಸಫಾರಿ ಮಾತ್ರ ಅಷ್ಟು ಅಗ್ಗವಲ್ಲ. ಕೀನ್ಯಾದ ಮಸಾಯಿ ಮಾರಾ ಮೀಸಲು ಅರಣ್ಯಕ್ಕೆ 2024ರಿಂದ ವಿದೇಶಿ ವಯಸ್ಕರಿಗೆ ದಿನದ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಜುಲೈ ಹೊತ್ತಿಗೆ ತಾಂಜಾನಿಯಾದ ಸೆರೆಂಗೆಟಿಯಿಂದ ವಿಲ್ಡೆಬೀಸ್ಟ್ ಎಂಬ ಪ್ರಾಣಿಗಳ ಲಕ್ಷಗಟ್ಟಲೆ ಹಿಂಡು ಹುಲ್ಲು ಹುಡುಕಿಕೊಂಡು ಮಾರಾ ನದಿ ದಾಟಿ ಬರುತ್ತದೆ. ನೋಡುವವರು ಹೆಚ್ಚಿದರು, ಬೆಲೆ ಇಮ್ಮಡಿಯಾಯಿತು. ಬೇಡಿಕೆಯ ಪಾಠ ಇಲ್ಲಿಗೇ ಮುಗಿಯಿತು. ಆದರೆ ಇಷ್ಟು ಬೆಲೆಯ ಸರಕನ್ನು ಸಾಕಿದವರು ಯಾರು?

ಬೆಳಗಾವಿಗೆ ಹೋಗುವಾಗ ಹೆದ್ದಾರಿಯ ಹತ್ತಿರ ಸಿಗುವ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯ ನಿಮಗೆಲ್ಲ ಗೊತ್ತು. 2021ರಲ್ಲಿ ಅಲ್ಲಿಗೆ ಬನ್ನೇರುಘಟ್ಟದಿಂದ ಸಿಂಹಗಳು ಬಂದವು. ಸಿಂಹಕ್ಕೆ ಮಾಂಸ ಬೇಕು. ಮಾಂಸಕ್ಕೆ ಹಣ ಬೇಕು. ಆ ಹಣ ಮೃಗಾಲಯದ ಲೆಕ್ಕಪುಸ್ತಕದಲ್ಲಿ ಖರ್ಚಿನ ಕಡೆ ಬರುತ್ತದೆ, ನಮ್ಮ ಟಿಕೆಟ್ಟಿನ ಹಣ ಜಮೆಯ ಕಡೆ. ಲೆಕ್ಕ ಚೊಕ್ಕ.

ಈಗ ನಾಗರಹೊಳೆ ಅಥವಾ ಬಂಡೀಪುರದ ಸಫಾರಿ ನೋಡಿ. ಜೀಪಿನ ಡೀಸೆಲ್, ಚಾಲಕನ ಸಂಬಳ, ರೆಸಾರ್ಟಿನ ಅಡುಗೆ, ಎಲ್ಲಕ್ಕೂ ಖಾತೆ ಇದೆ. ಹುಲಿಯ ಊಟಕ್ಕೆ ಖಾತೆ ಇಲ್ಲ. ಹೆಚ್ಚಿನ ಪಾಲು ಅದು ಜಿಂಕೆ, ಕಾಡೆಮ್ಮೆ ತಿಂದು ಬದುಕುತ್ತದೆ, ನಿಜ. ಆದರೆ ಕೆಲವು ಸಲ ಕಾಡಂಚಿನ ರೈತನ ಆಕಳು ತಿನ್ನುತ್ತದೆ. ಆನೆ ಒಂದು ರಾತ್ರಿಯಲ್ಲಿ ಜೋಳ ತುಳಿದು ಹೋಗುತ್ತದೆ. ಆ ರೈತ ಸಫಾರಿ ಮಾರಿದವನೂ ಅಲ್ಲ, ಕೊಂಡವನೂ ಅಲ್ಲ. ಅವನೇ ನಮ್ಮ ಪಾಠದ ಮೂರನೆಯವನು.

2025ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಇದು ಆಕಳಿಗೆ ನಿಲ್ಲಲಿಲ್ಲ. ಮೈಸೂರು ಜಿಲ್ಲೆಯ ಸರಗೂರು ಸುತ್ತಮುತ್ತ ಕೆಲವೇ ದಿನಗಳಲ್ಲಿ ಮೂವರು ರೈತರು ಹುಲಿ ದಾಳಿಗೆ ಸತ್ತರು. ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿಗಳು ಹೊರಗೆ ಬರುತ್ತಿವೆ ಎಂದು ಊರವರು ಸಿಟ್ಟಾದರು. ನವೆಂಬರ್ 7ರಂದು ಅರಣ್ಯ ಸಚಿವರು ಎರಡೂ ಕಾಡುಗಳಲ್ಲಿ ಸಫಾರಿ ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಹಾಕಲು ಆದೇಶಿಸಿದರು. ಗದ್ದಲಕ್ಕೂ ದಾಳಿಗೂ ನಿಜವಾಗಿ ಸಂಬಂಧ ಇದೆಯೇ ಎಂಬುದು ಪ್ರಾಣಿಶಾಸ್ತ್ರದವರ ಪ್ರಶ್ನೆ. ವಾಣಿಜ್ಯದ ವಿದ್ಯಾರ್ಥಿಗೆ ಕಾಣುವುದು ಬೇರೆ: ಸಫಾರಿ ನಿಂತಾಗ ಜೀಪ್ ಚಾಲಕ, ಮಾರ್ಗದರ್ಶಿ, ರೆಸಾರ್ಟಿನಲ್ಲಿ ಪಾತ್ರೆ ತೊಳೆಯುವವರಿಗೂ ಕೆಲಸ ಹೋಗುತ್ತದೆ. ಅವರಲ್ಲಿ ಹಲವರು ಅದೇ ಕಾಡಂಚಿನವರು. ಒಂದೇ ಮನೆಯಲ್ಲಿ ಅಪ್ಪ ಹುಲಿಗೆ ಹೆದರಿ ಹೊಲಕ್ಕೆ ಹೋಗದಿರಬಹುದು, ಮಗ ಹುಲಿ ತೋರಿಸಿ ಸಂಬಳ ತರುತ್ತಿರಬಹುದು.

ಸರ್ಕಾರ ಪರಿಹಾರ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ. ಲೆಕ್ಕದ ಹೊರಗೆ ಉಳಿದ ನಷ್ಟವನ್ನು ಲೆಕ್ಕದ ಒಳಗೆ ತರುವ ದಾರಿ ಅದು. ಆದರೆ ಅದಕ್ಕೆ ಅರ್ಜಿ ಬೇಕು, ಫೋಟೊ ಬೇಕು, ಪಶುವೈದ್ಯರ ವರದಿ ಬೇಕು, ಕಚೇರಿಗೆ ಓಡಾಡುವ ದಿನದ ಕೂಲಿ ಹೋಗುತ್ತದೆ. ಈ ತೊಂದರೆ ನೋಡಿಯೇ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮ ಶುರುವಾಯಿತು. ರೈತ ಫೋನ್ ಮಾಡಿದರೆ ಕಾರ್ಯಕರ್ತರು ಬಂದು ಅರ್ಜಿ ತುಂಬಲು ನೆರವಾಗುತ್ತಾರೆ.

ಮಸಾಯಿ ಮಾರಾದ ಸುತ್ತ ಇನ್ನೊಂದು ದಾರಿ ಇದೆ, ನನಗೆ ಅದು ಹೆಚ್ಚು ಹಿಡಿಸಿತು. ಅಲ್ಲಿ ಮಸಾಯಿ ಕುಟುಂಬಗಳ ಹೆಸರಿನಲ್ಲಿರುವ ಹುಲ್ಲುಗಾವಲನ್ನು ಸಫಾರಿ ಕಂಪನಿಗಳು ಒಟ್ಟುಗೂಡಿಸಿ ಗುತ್ತಿಗೆಗೆ ಹಿಡಿಯುತ್ತವೆ, ನಮ್ಮ ಕಡೆ ಹೊಲ ಲಾವಣಿಗೆ ಹಾಕಿದ ಹಾಗೆ. ಬಾಡಿಗೆ ನೇರವಾಗಿ ಮಾಲೀಕನಿಗೆ ಸೇರುತ್ತದೆ. ಸಿಂಹ ಇದ್ದರೆ ಪ್ರವಾಸಿ, ಪ್ರವಾಸಿ ಇದ್ದರೆ ಬಾಡಿಗೆ. ದನ ಕಾಯುವವನಿಗೂ ಸಿಂಹ ಉಳಿಯಲಿ ಎನ್ನಲು ಒಂದು ಕಾರಣ ಸಿಕ್ಕಿತು. ಹಾಗೆಂದು ಅದೇನೂ ಸ್ವರ್ಗವಲ್ಲ. ತಮ್ಮದೇ ಜಮೀನಿನಲ್ಲಿ ದನ ಮೇಯಿಸಲು ನಿರ್ಬಂಧ ಇರುತ್ತದೆ. 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ನಿಂತಾಗ ಹಲವೆಡೆ ಬಾಡಿಗೆಯೂ ಇಳಿಯಿತು.

ಬಾಹ್ಯತೆ ಎಂದರೆ ಹಾನಿ ಮಾತ್ರ ಅಲ್ಲ ಎಂದೂ ಪುಸ್ತಕ ಹೇಳುತ್ತದೆ. ಅದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 190 ಚದರ ಕಿಲೋಮೀಟರ್. ಅದೇ ಮಲೆನಾಡಿನ ಸೆರಗಿನಲ್ಲಿರುವ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತದೆ. ಆ ನೀರು ಸವದತ್ತಿಯ ನವಿಲುತೀರ್ಥ ಅಣೆಕಟ್ಟಿಗೆ ಬಂದು, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಹೋಗುತ್ತದೆ. ಮಳೆ ಹಿಡಿದಿಟ್ಟು ಕೊಟ್ಟಿದ್ದಕ್ಕೆ ಕಾಡು ಯಾರಿಗೂ ಬಿಲ್ಲು ಕಳಿಸಿಲ್ಲ. ರೈತನ ಆಕಳು ಒಂದು ಕಡೆ, ಈ ನೀರು ಇನ್ನೊಂದು ಕಡೆ. ಜಿಡಿಪಿಯಲ್ಲಿ ಎರಡೂ ಕಾಣುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಜರ್ನಲ್ ಎಂಟ್ರಿ ಬರೆದು ನೋಡಿದೆ. ರೈತನ ಪುಸ್ತಕದಲ್ಲಿ ಸುಲಭ: ಆಕಳು ನಷ್ಟ ಖಾತೆ ಡೆಬಿಟ್, ಜಾನುವಾರು ಖಾತೆ ಕ್ರೆಡಿಟ್. ಸಫಾರಿ ಸಂಸ್ಥೆಯ ಪುಸ್ತಕದಲ್ಲಿ ಅದೇ ತಾರೀಖಿನ ಪುಟಕ್ಕೆ ಬರೆಯಲು ಏನೂ ಸಿಗಲಿಲ್ಲ. ನಮ್ಮ ಸರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ಖಾಲಿ ಪುಟ ನೋಡಿ, “ಇದೇ ಉತ್ತರ. ಆದರೆ ಪರೀಕ್ಷೆಯಲ್ಲಿ ಎಣ್ಣೆ ಕಾರ್ಖಾನೆಯನ್ನೇ ಬರಿ” ಎಂದರು.