ಗುಂಡು ಹೊಡೆಯಲು ಗುಂಡಿ ಇಲ್ಲದ ಆಟ

‘ರೊಬೊಟ್ರಾನ್: 2084’ ಎಂಬ ವಿಡಿಯೊ ಗೇಮ್ ಆಡಲು ಎರಡು ಕೋಲು (ಜಾಯ್‌ಸ್ಟಿಕ್), ಅಷ್ಟೆ. ಎಡಗೈಯದ್ದು ಓಡಿಸುತ್ತದೆ, ಬಲಗೈಯದ್ದು ಎಂಟು ದಿಕ್ಕಿಗೆ ಗುಂಡು ಹಾರಿಸುತ್ತದೆ. 1982ರಲ್ಲಿ ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ ಇದನ್ನು ಅಮೆರಿಕದ ವಿಲಿಯಮ್ಸ್ ಕಂಪನಿಗೆ ಮಾಡಿಕೊಟ್ಟರು. ಅದಕ್ಕೂ ಮುಂಚಿನ ‘ಬರ್ಜರ್ಕ್’ನಲ್ಲಿ ಕೋಲು ತಿರುಗಿದ ಕಡೆಗೇ ಗುಂಡು. ಇಲ್ಲಿ ಹಿಂದೆ ಸರಿಯುತ್ತಲೇ ಮುಂದೆ ಹೊಡೆಯಬಹುದು.

ಕುಂದಾಪುರದ ಮನೆಯಲ್ಲಿ ಕಂಪ್ಯೂಟರಿಗೆ ಹಳೆಯ ಆರ್ಕೇಡ್ ಆಟಗಳನ್ನು ಆಡಿಸುವ ಮೇಮ್ ತಂತ್ರಾಂಶ ಹಾಕಿಕೊಂಡು ಮೊದಲು ಕೀಬೋರ್ಡಿನಲ್ಲೇ ಆಡಿದೆ. ಓರೆಯಾಗಿ ಓಡಲು ಎರಡು ಕೀ, ಓರೆಯಾಗಿ ಹೊಡೆಯಲು ಇನ್ನೆರಡು. ಕಡಿಮೆ ಬೆಲೆಯ ಕೀಬೋರ್ಡಿಗೆ ಎಷ್ಟೋ ಸಲ ನಾಲ್ಕೂ ಒಟ್ಟಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಜಾಯ್‌ಸ್ಟಿಕ್ ತರಿಸಿದೆ. ಅವನ್ನು ಕೂರಿಸುವ ಪ್ಲೈವುಡ್ ಕೊರೆಯಲು ಕೂತ ಆಚಾರ್ರು, “ಹೊಡುಕೆ ಬಟನ್ ಎಲ್ಲಿತ್ ಮರಾಯ್ರೆ?” ಎಂದರು. ಇಲ್ಲ ಎಂದಾಗ ಎರಡೂ ಕೋಲನ್ನು ಗಾಳಿಯಲ್ಲಿ ಹಿಡಿದು ಆಡಿಸಿ ನೋಡಿ, ನಾನು ಹಾಕಿದ್ದ ಗುರುತಿಗಿಂತ ಆಚೆ ಪೆನ್ಸಿಲ್ ಗೀಟು ಎಳೆದರು. ಆ ಅಂತರವೇ ಸರಿ. ಮುಷ್ಟಿಗೆ ಮುಷ್ಟಿ ತಾಗಬಾರದು. ಹಲಗೆಯನ್ನು ಮೇಜಿಗೆ ಬಿಗಿಯಲೇಬೇಕು, ಈ ಆಟದಲ್ಲಿ ತೋಳಿನ ಬಲವೆಲ್ಲ ಕೋಲಿಗೆ ಬೀಳುತ್ತದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಪ್ಲೈವುಡ್ಡಿನ ಅಂಚಿಗೂ ವಾರ್ನಿಶ್ ಬಳಿಯುವುದು ಒಳ್ಳೆಯದು.

ಎಡಗೈ, ಬಲಗೈ ಬೇರೆ ಬೇರೆ ಕೆಲಸ ಕಲಿಯುವುದಕ್ಕೆ ಸಮಯ ಬೇಕು. ಮದ್ದಳೆ ಕಲಿಯುವವರಿಗೆ ಇದು ಗೊತ್ತು. ನನಗೆ ನೆರವಾದದ್ದು ಕಣ್ಣು. ನನ್ನ ಬೊಂಬೆಯನ್ನು ದಿಟ್ಟಿಸುವುದು ಬಿಟ್ಟು, ಅದು ಹೋಗಬೇಕಾದ ಖಾಲಿ ಜಾಗವನ್ನು ನೋಡತೊಡಗಿದ ಮೇಲೆ ಕೈಗಳು ತಾವಾಗಿ ಬೇರೆಯಾದವು.

ಆದರೆ ಈ ಆಟದ ಜೀವ ಇರುವುದು ಕಾಪಾಡುವುದರಲ್ಲಿ. ಪರದೆ ತುಂಬ ರೋಬೋಗಳು, ನಡುವೆ ದಿಕ್ಕುಗೆಟ್ಟು ತಿರುಗುವ ಕೊನೆಯ ಮಾನವ ಕುಟುಂಬ: ಅಮ್ಮಂದಿರು, ಅಪ್ಪಂದಿರು, ಪುಟ್ಟ ಮೈಕಿಗಳು. ಒಂದು ಅಲೆಯಲ್ಲಿ, ಅಂದರೆ ಆಟದ ಒಂದು ಹಂತದಲ್ಲಿ, ಮೊದಲು ಉಳಿಸಿದವರಿಗೆ 1,000 ಅಂಕ, ಮುಂದಿನವರಿಗೆ 2,000, ಹೀಗೆ 5,000ದವರೆಗೆ ಏರುತ್ತದೆ. ಹಲ್ಕ್ ಎಂಬ ದೈತ್ಯ ಗುಂಡಿಗೆ ಸಾಯುವುದಿಲ್ಲ, ಹಿಂದೆ ಸರಿಯುತ್ತದೆ ಮಾತ್ರ. ಅದು ತುಳಿದರೆ ಮನುಷ್ಯರು ಸತ್ತರು. ಹಾಗಾಗಿ ಹಲ್ಕ್‌ಗೆ ಹೊಡೆಯುವುದು ಕೊಲ್ಲಲಿಕ್ಕಲ್ಲ, ದಾರಿ ಬಿಡಿಸಲಿಕ್ಕೆ.

ರಜೆಯಲ್ಲಿ ಬೈಂದೂರಿನಿಂದ ಬಂದ ತಂಗಿಯ ಮಗಳಿಗೆ ಇದನ್ನು ಹೇಳಿಕೊಡುವ ಮೊದಲೇ ಅವಳು ಹಲ್ಕ್‌ನ ಪಕ್ಕಕ್ಕೇ ನುಗ್ಗಿದಳು. “ಅಮ್ಮನ್ನ್ ಬಿಟ್ಟಿಕಿ ಹೋಪುಕಾತ್ತಾ?” ಎಂದಳು. ಐದನೇ ಅಲೆಯಲ್ಲಿ, ಮನುಷ್ಯರನ್ನು ಹಿಡಿದು ವೈರಿಗಳನ್ನಾಗಿ ಮಾಡುವ ಬ್ರೇನ್‌ಗಳು ಬಂದಾಗಲೂ ಅವಳ ಎಡಗೈ ಅಮ್ಮಂದಿರ ಕಡೆಗೇ, ಬಲಗೈ ಬ್ರೇನ್‌ಗಳ ಮೇಲೆ. ನಾನೂ ಈಗ ಆ ಅಲೆಯನ್ನು ಹಾಗೇ ಆಡುತ್ತೇನೆ.